ಸೇವೆ ಕೊಟ್ಟದ್ದು ಸರಿ, ಅದರಿಂದ ಆದದ್ದೇನು?

1939ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಅಕ್ಕಪಕ್ಕದ ಊರುಗಳಲ್ಲಿ ಹುಡುಗರಿಗಾಗಿ ಒಂದು ಸೇವಾ ಯೋಜನೆ ಶುರುವಾಯಿತು. ದಾರಿ ತಪ್ಪುವ ಸಾಧ್ಯತೆಯಿರುವ ಮಕ್ಕಳನ್ನು ಚಿಕ್ಕಂದಿನಲ್ಲೇ ಕೈಹಿಡಿದು ನಡೆಸಿದರೆ ಅವರು ಮುಂದೆ ಅಪರಾಧದ ಕಡೆ ಹೋಗುವುದಿಲ್ಲ ಎಂಬ ನಂಬಿಕೆ ಅದರ ಬೆನ್ನಿಗಿತ್ತು. ಯೋಜನೆಯನ್ನು ರೂಪಿಸಿದವರು ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು. ಆಸ್ಪತ್ರೆಯೊಳಗೆ ಸಮಾಜಕಾರ್ಯಕ್ಕೊಂದು ಜಾಗ ಬೇಕೆಂದು 1905ರಷ್ಟು ಹಿಂದೆಯೇ ಪಟ್ಟುಹಿಡಿದು ಸಾಧಿಸಿದ್ದವರು ಅವರು. ಅಂತಿಮವಾಗಿ 506 ಹುಡುಗರು ಈ ಅಧ್ಯಯನದಲ್ಲಿ ಉಳಿದರು. ವಯಸ್ಸು, ಮನೆಯ ಸ್ಥಿತಿಗತಿ, ಸ್ವಭಾವ ಎಲ್ಲವನ್ನೂ ನೋಡಿ ಇಬ್ಬಿಬ್ಬರನ್ನು ಜೋಡಿ ಮಾಡಲಾಗಿತ್ತು. ನಾಣ್ಯ ಚಿಮ್ಮಿ ಒಬ್ಬನಿಗೆ ಸೇವೆ. ಇನ್ನೊಬ್ಬನ ಬಗ್ಗೆ ಬರೀ ಮಾಹಿತಿ ಸಂಗ್ರಹ. ಸೇವೆ ಪಡೆದವರ ಮನೆಗೆ ಸುಮಾರು ಐದು ವರ್ಷ ಕಾಲ ಸಲಹೆಗಾರರು ಹೋಗಿ ಬಂದರು. ಪಾಠ ಹೇಳಿಸಿದರು, ವೈದ್ಯರಿಗೆ ತೋರಿಸಿದರು, ಬೇಸಿಗೆ ಶಿಬಿರಗಳಿಗೆ ಕಳಿಸಿದರು.

ಮೂವತ್ತು ವರ್ಷ ಕಳೆದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು ಹುಡುಕಿಕೊಂಡು ಹೋದರು. ಆ ಹೊತ್ತಿಗೆ ಅವರೆಲ್ಲ ನಡುವಯಸ್ಸಿನ ಗಂಡಸರು. ಸೇವೆ ಪಡೆದು ಉತ್ತರ ಕೊಟ್ಟವರಲ್ಲಿ ಮೂರರಲ್ಲಿ ಎರಡು ಪಾಲು ಜನ, ‘ನಮಗೆ ತುಂಬ ಉಪಕಾರವಾಯಿತು’ ಎಂದರು. ಆ ಸಲಹೆಗಾರರು ಇಲ್ಲದಿದ್ದರೆ ತಾವು ಕೆಟ್ಟೇ ಹೋಗುತ್ತಿದ್ದೆವು ಎಂದವರೂ ಇದ್ದರು. ಆದರೆ ಮೆಕಾರ್ಡ್ ಅಲ್ಲಿಗೇ ನಿಲ್ಲಲಿಲ್ಲ. ನ್ಯಾಯಾಲಯದ ಕಡತ, ಆಸ್ಪತ್ರೆಯ ದಾಖಲೆ, ಮರಣ ನೋಂದಣಿ ತೆಗೆದು ಎರಡೂ ಗುಂಪುಗಳನ್ನು ಪಕ್ಕಪಕ್ಕದಲ್ಲಿಟ್ಟರು. 1978ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸೇವೆ ಪಡೆದ ಗುಂಪು ಒಂದೇ ಒಂದು ವಿಷಯದಲ್ಲೂ ಮುಂದಿರಲಿಲ್ಲ. ಮತ್ತೆ ಮತ್ತೆ ಅಪರಾಧ ಮಾಡುವುದು, ಕುಡಿತದ ಚಟ, ಗಂಭೀರ ಮಾನಸಿಕ ಕಾಯಿಲೆ, ಬೇಗನೆ ಸಾಯುವುದು, ಇವೆಲ್ಲದರಲ್ಲೂ ಅದೇ ಗುಂಪು ಕೆಟ್ಟ ಸ್ಥಿತಿಯಲ್ಲಿತ್ತು.

ಇಲ್ಲಿ ಯಾರೂ ಕಳ್ಳಲೆಕ್ಕ ಬರೆದಿರಲಿಲ್ಲ. ಯಾರ ಕಳಕಳಿಯೂ ಸುಳ್ಳಾಗಿರಲಿಲ್ಲ. ಮನೆಭೇಟಿಗಳ ಸಂಖ್ಯೆ ನೋಡಿದ್ದರೆ ಯೋಜನೆ ಚೆನ್ನಾಗಿ ನಡೆಯುತ್ತಿತ್ತು. ಫಲಾನುಭವಿಗಳನ್ನು ಕೇಳಿದ್ದರೆ ಇನ್ನೂ ಚೆನ್ನಾಗಿತ್ತು. ಸೇವೆ ಸಿಗದ, ಉಳಿದೆಲ್ಲ ರೀತಿಯಲ್ಲಿ ಅಂಥವರೇ ಆದ ಹುಡುಗರು ಹೋಲಿಕೆಗೆ ಇದ್ದದ್ದರಿಂದ ಮಾತ್ರ ನಿಜಸ್ಥಿತಿ ಹೊರಬಿತ್ತು. ಆರೋಗ್ಯ ಸೇವೆ ಮತ್ತು ಸಾಮಾಜಿಕ ಆರೈಕೆಯನ್ನು ಅಳೆಯುವ ಕೆಲಸದ ತಿರುಳು ಇದೇ. ಎಷ್ಟು ಕೆಲಸ ಆಯಿತು ಎಂಬುದು ಒಂದು ಪ್ರಶ್ನೆ, ಆ ಕೆಲಸದಿಂದ ಜನರ ಬದುಕಿನಲ್ಲಿ ಏನು ಬದಲಾಯಿತು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿದ ಕೂಡಲೇ ಎರಡನೆಯದಕ್ಕೂ ಸಿಕ್ಕಿತೆಂದು ನಾವು ತಿಳಿದುಬಿಡುತ್ತೇವೆ.

ಮೊದಲ ಪ್ರಶ್ನೆ ಮೇಲ್ವಿಚಾರಣೆಯದು. ಸೇವೆ ನಡೆಯುತ್ತಿರುವಾಗಲೇ ದಿನವೂ ವಾರವೂ ಕಣ್ಣಿಡುವ ಕೆಲಸ ಅದು. ಔಷಧಿ ದಾಸ್ತಾನು ಇದೆಯೇ, ಬರಬೇಕಾದ ಗರ್ಭಿಣಿಯರು ತಪಾಸಣೆಗೆ ಬಂದರೇ, ಮನೆಗೆ ಹೋಗಬೇಕಾದ ಆರೈಕೆದಾರರು ಹೊತ್ತಿಗೆ ಹೋದರೇ, ಕಾಯುವವರ ಸಾಲು ಉದ್ದವಾಗುತ್ತಿದೆಯೇ. ಎರಡನೆಯದು ಮೌಲ್ಯಮಾಪನದ್ದು. ಸ್ವಲ್ಪ ದೂರ ನಿಂತು, ಈ ಸೇವೆ ಬೇಕಿತ್ತೇ, ಅಂದುಕೊಂಡಂತೆ ನಡೆಯಿತೇ, ನಡೆದಿದ್ದರೆ ಫಲ ಸಿಕ್ಕಿತೇ, ಸಿಕ್ಕ ಫಲ ಯಾರಿಗೆ ದಕ್ಕಿತು, ಅಷ್ಟೇ ಹಣವನ್ನು ಬೇರೆ ಕಡೆ ಹಾಕಿದ್ದರೆ ಇನ್ನೂ ಹೆಚ್ಚಿನ ಒಳಿತಾಗುತ್ತಿತ್ತೇ ಎಂದು ಕೇಳುವುದು. ಮೇಲ್ವಿಚಾರಣೆಯ ಅಂಕಿಗಳಿಲ್ಲದೆ ಮೌಲ್ಯಮಾಪನ ಮಾಡಹೊರಟರೆ ಕಾಲೂರಲು ನೆಲವೇ ಇರುವುದಿಲ್ಲ. ಮೌಲ್ಯಮಾಪನವೇ ಆಗದಿದ್ದರೆ ಅಂಕಿಗಳು ಕಪಾಟು ತುಂಬುತ್ತವೆ, ಅಷ್ಟೆ.

ಏನನ್ನು ಅಳೆಯಬೇಕು ಎಂಬುದಕ್ಕೆ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಚೌಕಟ್ಟು ಅವೆಡಿಸ್ ಡೊನಬೇಡಿಯನ್ ಅವರದು. ಬೈರೂತಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಈ ವೈದ್ಯರು 1966ರಲ್ಲಿ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕು ಎಂದರು: ವ್ಯವಸ್ಥೆ, ಪ್ರಕ್ರಿಯೆ, ಫಲಿತಾಂಶ. ಹೆರಿಗೆ ಕೋಣೆಯಲ್ಲಿ ತರಬೇತಿ ಪಡೆದ ದಾದಿ ಇದ್ದಾರೆಯೇ, ರಕ್ತಸ್ರಾವ ತಡೆಯುವ ಔಷಧಿ ಇದೆಯೇ ಎಂಬುದು ವ್ಯವಸ್ಥೆ. ಹೆರಿಗೆಯಾದ ಕೂಡಲೇ ಆ ಔಷಧಿ ಕೊಟ್ಟರೇ ಎಂಬುದು ಪ್ರಕ್ರಿಯೆ. ತಾಯಿಯ ಜೀವ ಉಳಿಯಿತೇ, ಆಕೆ ಗಟ್ಟಿಯಾಗಿ ಮನೆಗೆ ಹೋದಳೇ ಎಂಬುದು ಫಲಿತಾಂಶ. ಕೇಳಲು ಸರಳ, ಆದರೆ ಮೂರರಲ್ಲಿ ಒಂದನ್ನು ಬಿಟ್ಟರೂ ಚಿತ್ರ ಕೆಡುತ್ತದೆ. ಔಷಧಿ ಇದ್ದೂ ಕೊಡದೆ ಹೋಗುವುದುಂಟು, ಕೊಟ್ಟರೂ ತಡವಾಗಿರುವುದುಂಟು. ಎಲ್ಲ ಸರಿಯಾಗಿ ಮಾಡಿಯೂ ರೋಗಿಯ ಸ್ಥಿತಿಯೇ ವಿಷಮವಾಗಿದ್ದು ಫಲ ಸಿಗದಿರುವುದೂ ಉಂಟು.

ವ್ಯವಸ್ಥೆಯನ್ನು ಎಣಿಸುವುದು ಸುಲಭವಾದ್ದರಿಂದ ಹೆಚ್ಚಿನ ವರದಿಗಳು ಅಲ್ಲೇ ನಿಂತುಬಿಡುತ್ತವೆ: ಇಷ್ಟು ಹಾಸಿಗೆ, ಇಷ್ಟು ಸಿಬ್ಬಂದಿ, ಇಷ್ಟು ತರಬೇತಿ. ಫಲಿತಾಂಶ ನೋಡಬೇಕಾದರೆ ರೋಗಿ ಬಾಗಿಲು ದಾಟಿ ಹೋದ ಮೇಲೂ ಅವರ ಹಿಂದೆ ಹೋಗಬೇಕಾಗುತ್ತದೆ. ಬಾಸ್ಟನ್ನಿನ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಕಾಡ್‌ಮನ್ ನೂರು ವರ್ಷಗಳ ಹಿಂದೆಯೇ ಹಟ ಹಿಡಿದದ್ದು ಇದಕ್ಕೇ. ಪ್ರತಿ ರೋಗಿಗೂ ಒಂದು ಕಾರ್ಡು. ಏನು ತೊಂದರೆ ಇತ್ತು, ಏನು ಮಾಡಿದೆವು, ಒಂದು ವರ್ಷದ ನಂತರ ಹೇಗಿದ್ದಾರೆ, ಸರಿಹೋಗದಿದ್ದರೆ ಏಕೆ. ಇಷ್ಟೇ ಅವರ ಬೇಡಿಕೆ. ಹಿರಿತನ ನೋಡಿ ಬಡ್ತಿ ಕೊಡುವ ಪದ್ಧತಿಯನ್ನು ವಿರೋಧಿಸಿ 1914ರಲ್ಲಿ ದೊಡ್ಡ ಆಸ್ಪತ್ರೆಯ ಹುದ್ದೆ ಬಿಟ್ಟರು. ತಮ್ಮದೇ ಸಣ್ಣ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ಬಿಡುಗಡೆಯಾದ 337 ರೋಗಿಗಳ ಲೆಕ್ಕದಲ್ಲಿ 123 ತಪ್ಪುಗಳನ್ನು ಗುರುತಿಸಿ, ಅವನ್ನು ಅಚ್ಚುಹಾಕಿಸಿದರು. ಇಂಥ ಧೈರ್ಯ ತೋರುವ ಸಂಸ್ಥೆಗಳು ಇಂದಿಗೂ ಕಡಿಮೆಯೇ. ತಪ್ಪನ್ನು ಬರೆದಿಟ್ಟವರಿಗೆ ಬಹುಮಾನ ಸಿಗುವುದು ಅಪರೂಪ.

ಅಂಕಿಗಳನ್ನು ಹತ್ತಿರದಿಂದ ನೋಡಲು ಒಂದು ಸಣ್ಣ ಉದಾಹರಣೆ ತೆಗೆದುಕೊಳ್ಳೋಣ. 40 ಹಿರಿಯರಿರುವ ಒಂದು ಆರೈಕೆ ಕೇಂದ್ರ. ಅಲ್ಲಿ ಯಾರಾದರೂ ಬಿದ್ದರೆ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಒಂದು ತಿಂಗಳಲ್ಲಿ 6 ಬಾರಿ ಬಿದ್ದಿದ್ದಾರೆ. ಹೆಚ್ಚೋ ಕಡಿಮೆಯೋ? ಈ ಸಂಖ್ಯೆಯೊಂದರಿಂದಲೇ ಹೇಳಲಾಗದು. 40 ಜನ, 30 ದಿನ ಅಂದರೆ 1200 ವಾಸದ ದಿನಗಳು. ಹಾಗಾಗಿ ಸಾವಿರ ದಿನಕ್ಕೆ 5 ಬೀಳುವಿಕೆ. ಹೀಗೆ ದರಕ್ಕೆ ಇಳಿಸಿದ ಮೇಲೆಯೇ ಇದನ್ನು 90 ಜನರಿರುವ ಕೇಂದ್ರದ ಜೊತೆಗೋ, ಇದೇ ಕೇಂದ್ರದ ಹಿಂದಿನ ವರ್ಷದ ಜೊತೆಗೋ ಇಟ್ಟು ನೋಡಬಹುದು.

ಮುಂದಿನ ತಿಂಗಳು 9 ಆಯಿತು ಎಂದುಕೊಳ್ಳಿ. ಮೇಲಧಿಕಾರಿ ಸಭೆ ಕರೆಯುತ್ತಾರೆ, ಏಕೆ ಹೆಚ್ಚಾಯಿತೆಂದು ಗದರುತ್ತಾರೆ. ಅದರ ಮುಂದಿನ ತಿಂಗಳು 4ಕ್ಕೆ ಇಳಿಯುತ್ತದೆ. ಗದರಿದ್ದು ಫಲಿಸಿತು ಎಂದು ಎಲ್ಲರೂ ನಂಬುತ್ತಾರೆ. ನಿಜವೇನೆಂದರೆ ಸರಾಸರಿ 6 ಇರುವ ಕಡೆ, ಏನೊಂದೂ ಬದಲಾಗದಿದ್ದರೂ, ಒಂದು ತಿಂಗಳು 3, ಇನ್ನೊಂದು ತಿಂಗಳು 10 ಆಗುವುದು ಸಹಜ. ಆಕಸ್ಮಿಕ ಏರಿಳಿತವನ್ನೂ ನಿಜವಾದ ಬದಲಾವಣೆಯನ್ನೂ ಬೇರ್ಪಡಿಸಲು ವಾಲ್ಟರ್ ಶೂಹಾರ್ಟ್ 1924ರಲ್ಲಿ ಕಾರ್ಖಾನೆಗಳಿಗಾಗಿ ನಿಯಂತ್ರಣ ನಕ್ಷೆ ಎಂಬ ಸಾಧನ ಕೊಟ್ಟರು. ಈಗ ಆಸ್ಪತ್ರೆಗಳೂ ಅದನ್ನು ಬಳಸುತ್ತವೆ. ತಿಂಗಳು ತಿಂಗಳ ಅಂಕಿಯನ್ನು ಗೆರೆಯಾಗಿ ಬರೆದು, ನಡುವೆ ಸರಾಸರಿಯ ಗೆರೆ, ಮೇಲೆ ಕೆಳಗೆ ಸಹಜ ಏರಿಳಿತದ ಮಿತಿಯ ಗೆರೆ ಎಳೆಯುವುದು. ಬಿಂದು ಮಿತಿ ದಾಟಿದರೆ ಅಥವಾ ಸತತ ಎಂಟು ಬಿಂದುಗಳು ಸರಾಸರಿಯ ಒಂದೇ ಬದಿಗೆ ಬಿದ್ದರೆ ಏನೋ ಆಗಿದೆ ಎಂದು ಹುಡುಕಬೇಕು. ಇಲ್ಲವಾದರೆ ಒಂದು ತಿಂಗಳ ಏರಿಕೆಗೆ ಸಿಬ್ಬಂದಿಯನ್ನು ಬಯ್ಯುವುದೂ, ಒಂದು ತಿಂಗಳ ಇಳಿಕೆಗೆ ಹೊಗಳುವುದೂ ಎರಡೂ ವ್ಯರ್ಥ. ಹೋದ ತಿಂಗಳು, ಈ ತಿಂಗಳು ಎಂಬ ಎರಡೇ ಕಾಲಮ್ಮಿನ ವರದಿಯನ್ನು ಎಲ್ಲಿ ಕಂಡರೂ ನನಗೆ ಕಳವಳವಾಗುತ್ತದೆ. ಅದರಲ್ಲಿ ತಿಳಿವಳಿಕೆಗಿಂತ ತಪ್ಪು ತಿಳಿವಳಿಕೆ ಹುಟ್ಟುವ ಸಂಭವವೇ ಹೆಚ್ಚು.

ಅದೇ ರಿಜಿಸ್ಟರಿನಲ್ಲಿ ಬಿದ್ದ ಸಮಯ, ಜಾಗವನ್ನೂ ಬರೆದಿದ್ದಾರೆ ಎಂದಿಟ್ಟುಕೊಳ್ಳೋಣ. ಆರು ತಿಂಗಳ ಪುಟಗಳನ್ನು ಒಟ್ಟಿಗೆ ಓದಿದಾಗ ಅರ್ಧದಷ್ಟು ಬೀಳುವಿಕೆ ಬೆಳಗಿನ ಜಾವ ನಾಲ್ಕರಿಂದ ಆರರೊಳಗೆ, ಹಾಸಿಗೆಗೂ ಶೌಚಾಲಯಕ್ಕೂ ನಡುವೆ ಆಗಿರುವುದು ಕಾಣುತ್ತದೆ. ರಾತ್ರಿ ಪಾಳಿಯವರು ಆ ಹೊತ್ತಿಗೆ ಇಬ್ಬರೇ. ಈಗ ಏನು ಮಾಡಬೇಕೆಂದು ಯಾರೂ ಹೊರಗಿನಿಂದ ಬಂದು ಹೇಳಬೇಕಿಲ್ಲ: ಮೂರೂವರೆಗೆ ಒಂದು ಸುತ್ತು ಹೋಗಿ ಬೇಕಾದವರನ್ನು ಎಬ್ಬಿಸಿ ಕರೆದೊಯ್ಯುವುದು, ದಾರಿಯಲ್ಲಿ ಮಂದ ದೀಪ ಹಾಕುವುದು, ಮಲಗುವ ಹೊತ್ತಿನ ಮಾತ್ರೆಗಳನ್ನು ವೈದ್ಯರಿಂದ ಮತ್ತೊಮ್ಮೆ ನೋಡಿಸುವುದು. ಒಟ್ಟು ಸಂಖ್ಯೆಯನ್ನು ಮೇಲಕ್ಕೆ ಕಳಿಸುವುದಷ್ಟೇ ಕೆಲಸವಾಗಿದ್ದರೆ ಈ ವಿಚಾರ ಆ ಪುಟಗಳಲ್ಲೇ ಉಳಿದುಹೋಗುತ್ತಿತ್ತು.

ಇನ್ನೊಂದು ಎಚ್ಚರ ಇಲ್ಲೇ ಬೇಕು. ಬರೆಯುವ ಶಿಸ್ತು ಬಂದ ಮೊದಲ ಕೆಲವು ತಿಂಗಳು ಸಂಖ್ಯೆ ಸಾಮಾನ್ಯವಾಗಿ ಏರುತ್ತದೆ, ಏಕೆಂದರೆ ಹಿಂದೆ ಬರೆಯದೆ ಬಿಟ್ಟದ್ದು ಈಗ ಪುಟಕ್ಕೆ ಬರುತ್ತದೆ. ಅದನ್ನು ಹಿನ್ನಡೆ ಎಂದು ದಂಡಿಸಿದರೆ ಮತ್ತೆ ಯಾರೂ ಬರೆಯುವುದಿಲ್ಲ. ಬೀಳುವಿಕೆಯನ್ನು ಸೊನ್ನೆಗೆ ಇಳಿಸಲೇಬೇಕೆಂದು ಒತ್ತಡ ಹೇರಿದರೆ ಹಿರಿಯರನ್ನು ಇಡೀ ದಿನ ಕುರ್ಚಿಯಲ್ಲೇ ಕೂರಿಸುವ ದಾರಿಯೂ ತೆರೆಯುತ್ತದೆ. ಬೀಳುವುದಿಲ್ಲ ನಿಜ, ಕಾಲಿನ ಶಕ್ತಿ ಹೋಗುತ್ತದೆ, ಮನಸ್ಸು ಕುಗ್ಗುತ್ತದೆ. ಆದ್ದರಿಂದಲೇ ಒಂದು ಸೂಚಕದ ಪಕ್ಕದಲ್ಲಿ ಅದರ ದುಷ್ಪರಿಣಾಮವನ್ನು ಹಿಡಿಯುವ ಇನ್ನೊಂದು ಸೂಚಕ ಇರಬೇಕು. ಬೀಳುವಿಕೆಯ ಜೊತೆಗೆ, ಸ್ವಂತ ಕಾಲಲ್ಲಿ ದಿನಕ್ಕೊಮ್ಮೆಯಾದರೂ ನಡೆದವರೆಷ್ಟು ಎಂಬುದನ್ನೂ ಬರೆದರೆ ಮೋಸ ಬಯಲಾಗುತ್ತದೆ.

ಗುರಿಗಳು ಸೇವೆಯನ್ನು ತಿರುಚುವ ಬಗೆಗೆ ಇಂಗ್ಲೆಂಡ್ ಒಳ್ಳೆಯ ಪಾಠ. ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಲ್ಲಿ 98% ಜನರನ್ನು ನಾಲ್ಕು ಗಂಟೆಯೊಳಗೆ ನೋಡಿ, ದಾಖಲಿಸಬೇಕು ಇಲ್ಲವೇ ಕಳಿಸಬೇಕು ಎಂಬ ಗುರಿ ಅಲ್ಲಿ 2004ರ ಹೊತ್ತಿಗೆ ಬಂತು. 2010ರಲ್ಲಿ ಅದನ್ನು 95%ಕ್ಕೆ ಇಳಿಸಲಾಯಿತು. ಕಾಯುವ ಹೊತ್ತು ನಿಜಕ್ಕೂ ಕಡಿಮೆಯಾಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ರೋಗಿಗಳು ವಿಭಾಗ ಬಿಟ್ಟ ಸಮಯದ ನಕ್ಷೆ ಬರೆದು ನೋಡಿದರೆ, ನಾಲ್ಕು ಗಂಟೆ ತುಂಬುವ ಕೊನೆಯ ಕೆಲವು ನಿಮಿಷಗಳಲ್ಲಿ ಗೆರೆ ಕಡಿದಾಗಿ ಮೇಲೇರುತ್ತಿತ್ತು. ಕಾಯಿಲೆಗೆ ಗಡಿಯಾರ ಗೊತ್ತಿಲ್ಲ. ಆ ಏರಿಕೆ ಗುರಿಯ ಒತ್ತಡದ್ದು.

ಅದೇ ದೇಶದ ಮಿಡ್ ಸ್ಟಾಫರ್ಡ್‌ಶೈರ್ ಪ್ರಕರಣ ಇನ್ನೂ ಕಹಿ. 2005ರಿಂದ 2009ರವರೆಗೆ ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳು ಕುಡಿಯಲು ನೀರು ಕೈಗೆಟಕದೆ, ಒದ್ದೆಯಾದ ಹಾಸಿಗೆಯಲ್ಲೇ ಗಂಟೆಗಟ್ಟಲೆ ಮಲಗಿ ನರಳಿದರು. ಆಡಳಿತ ಮಂಡಳಿಯ ಗಮನವೆಲ್ಲ ಹಣಕಾಸು ಸರಿದೂಗಿಸುವುದರ ಮೇಲೆ, ಗುರಿ ಮುಟ್ಟುವುದರ ಮೇಲೆ. 2008ರಲ್ಲಿ ಆ ಸಂಸ್ಥೆಗೆ ಹೆಚ್ಚಿನ ಸ್ವಾಯತ್ತತೆಯ ಮಾನ್ಯತೆಯೂ ಸಿಕ್ಕಿತು. ರೋಗಿಗಳ ಮನೆಯವರು ದೂರು ಕೊಡುತ್ತಲೇ ಇದ್ದರು. ರಾಬರ್ಟ್ ಫ್ರಾನ್ಸಿಸ್ ನೇತೃತ್ವದ ಸಾರ್ವಜನಿಕ ವಿಚಾರಣೆ 2013ರಲ್ಲಿ 290 ಶಿಫಾರಸುಗಳ ವರದಿ ಕೊಟ್ಟಿತು. ಅದನ್ನು ಓದಿದವರಿಗೆ ಕಾಣುವುದು ಮಾಹಿತಿಯ ಕೊರತೆಯಲ್ಲ. ಮಾಹಿತಿ ದೂರಿನ ರೂಪದಲ್ಲಿ, ಕಣ್ಣೆದುರೇ ಇತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ದೂರಿನ ಪತ್ರ ಅಂಕಿಅಂಶವಲ್ಲ ಎಂದು ತಳ್ಳಿಹಾಕುವ ಅಭ್ಯಾಸ ಅಪಾಯಕಾರಿ ಎಂದು ನಾನು ಬಲವಾಗಿ ನಂಬುತ್ತೇನೆ. ಅಂಕಿ ತೊಂದರೆ ಎಷ್ಟು ದೊಡ್ಡದೆಂದು ಹೇಳುತ್ತದೆ. ತೊಂದರೆ ಎಂಥದ್ದು ಎಂಬುದನ್ನು ಅನುಭವಿಸಿದವರೇ ಹೇಳಬೇಕು.

ಹಾಗೆಂದು ಸಮೀಕ್ಷೆ ಮಾಡಿ ‘95% ಜನ ತೃಪ್ತರು’ ಎಂದು ಬರೆದುಬಿಟ್ಟರೆ ಜನರ ಮಾತು ಕೇಳಿದಂತಾಗುವುದಿಲ್ಲ. ಉತ್ತರ ಕೊಟ್ಟವರು ಯಾರು? ಮರೆವಿನ ಕಾಯಿಲೆಯವರು ಫಾರಂ ತುಂಬಲಾರರು. ಬೇಸತ್ತು ಸೇವೆ ಬಿಟ್ಟವರ ವಿಳಾಸ ಪಟ್ಟಿಯಲ್ಲೇ ಇರುವುದಿಲ್ಲ. ತೀರಿಕೊಂಡವರು ಹೇಳುವಂತಿಲ್ಲ. ನಾಳೆಯೂ ಅದೇ ಆರೈಕೆದಾರರ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳಬೇಕಾದವರು ಇಂದು ಕೆಟ್ಟದ್ದು ಬರೆಯಲು ಹೆದರುತ್ತಾರೆ. ‘ತೃಪ್ತಿಯಿದೆಯೇ’ ಎಂದು ಕೇಳುವ ಬದಲು ‘ನಿನ್ನೆ ಕರೆಗಂಟೆ ಒತ್ತಿದಾಗ ಯಾರಾದರೂ ಬಂದರೇ, ಎಷ್ಟು ಹೊತ್ತಿಗೆ ಬಂದರು’ ಎಂದು ನಡೆದದ್ದನ್ನು ಕೇಳಿದರೆ ಉತ್ತರಕ್ಕೆ ಬೆಲೆ ಬರುತ್ತದೆ. ಸಾಮಾಜಿಕ ಆರೈಕೆಯಲ್ಲಂತೂ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಅನೇಕರ ಸ್ಥಿತಿ ‘ಗುಣವಾಗುವಂಥದ್ದು’ ಅಲ್ಲ. ತನಗೆ ಬೇಕಾದ ಹೊತ್ತಿಗೆ ಏಳುವುದು, ನೆಂಟರನ್ನು ಕಾಣುವುದು, ಹೆದರಿಕೆಯಿಲ್ಲದೆ ನಿದ್ದೆ ಮಾಡುವುದು, ಇವೇ ಅಲ್ಲಿನ ಫಲಿತಾಂಶಗಳು. ಏನು ಮುಖ್ಯ ಎಂಬುದನ್ನು ಸೇವೆ ಪಡೆಯುವವರೊಂದಿಗೆ ಕೂತು ತೀರ್ಮಾನಿಸದೆ ಸೂಚಕ ಬರೆದರೆ ಅದು ಕಚೇರಿಗೆ ಅನುಕೂಲವಾದ ಸೂಚಕವಷ್ಟೇ.

ಇನ್ನು ಫಲಕ್ಕೂ ಸೇವೆಗೂ ನಂಟು ಕಟ್ಟುವ ಕಷ್ಟದ ಪ್ರಶ್ನೆ: ಈ ಸೇವೆ ಇಲ್ಲದಿದ್ದರೆ ಏನಾಗುತ್ತಿತ್ತು? ಹೋದ ವರ್ಷ ನಾಲ್ಕು ಬಾರಿ ಆಸ್ಪತ್ರೆ ಸೇರಿದ್ದವರನ್ನೇ ಆರಿಸಿ ಮನೆಯಲ್ಲಿ ಆರೈಕೆ ಕೊಟ್ಟರು. ಈ ವರ್ಷ ಸರಾಸರಿ ಎರಡೇ ಬಾರಿ ಸೇರಿದರು. ಅರ್ಧಕ್ಕರ್ಧ ಇಳಿಕೆ! ಆದರೆ ತೀರಾ ಕೆಟ್ಟ ವರ್ಷವೊಂದನ್ನು ನೋಡಿ ಆರಿಸಿದವರ ಮುಂದಿನ ವರ್ಷ, ಏನೂ ಮಾಡದಿದ್ದರೂ, ಸ್ವಲ್ಪ ಸುಧಾರಿಸಿರುತ್ತದೆ. ಸರಾಸರಿಯತ್ತ ಮರಳುವ ಈ ಸಹಜ ಇಳಿಕೆಯನ್ನು ಯೋಜನೆಯ ಖಾತೆಗೆ ಬರೆದುಕೊಂಡು ಅದಕ್ಕೆ ಇನ್ನಷ್ಟು ಹಣ ಕೊಟ್ಟ ಉದಾಹರಣೆಗಳು ಕಡಿಮೆಯಲ್ಲ. ಪರಿಹಾರ ಹೋಲಿಕೆಯ ಗುಂಪು. ಯಾರಿಗೂ ಸೇವೆ ನಿರಾಕರಿಸದೆಯೇ ಇದನ್ನು ಮಾಡಲು ದಾರಿಯಿದೆ. ಹೊಸ ಸೇವೆಯನ್ನು ಎಲ್ಲ ಕಡೆ ಒಂದೇ ದಿನ ಶುರುಮಾಡಲು ಹೇಗೂ ಆಗುವುದಿಲ್ಲ. ಯಾವ ಕೇಂದ್ರ ಮೊದಲು, ಯಾವುದು ಆಮೇಲೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರೆ, ಇನ್ನೂ ಸರದಿ ಬರದವರೇ ಹೋಲಿಕೆಗೆ ಒದಗುತ್ತಾರೆ.

ಹೋಲಿಸುವಾಗ ಸಮ ಸಮವಾದವರನ್ನು ಹೋಲಿಸಬೇಕು. ನ್ಯೂಯಾರ್ಕ್ ರಾಜ್ಯ 1990ರ ಸುಮಾರಿಗೆ ಹೃದಯ ಶಸ್ತ್ರಚಿಕಿತ್ಸೆಯ ಮರಣ ಪ್ರಮಾಣವನ್ನು ಆಸ್ಪತ್ರೆವಾರು ಪ್ರಕಟಿಸಲು ತೊಡಗಿದಾಗ ರೋಗಿಯ ವಯಸ್ಸು, ಮಧುಮೇಹ, ಹಿಂದಿನ ಹೃದಯಾಘಾತ ಮುಂತಾದುವನ್ನು ಲೆಕ್ಕಕ್ಕೆ ಹಿಡಿದು ಅಂಕಿಯನ್ನು ಸರಿಹೊಂದಿಸಿತ್ತು. ಹಾಗೆ ಮಾಡದಿದ್ದರೆ ಕಷ್ಟದ ರೋಗಿಗಳನ್ನು ಒಪ್ಪಿಕೊಳ್ಳುವ ಒಳ್ಳೆಯ ಆಸ್ಪತ್ರೆಯೇ ಕೆಟ್ಟದ್ದೆಂದು ಕಾಣುತ್ತದೆ. ಹಾಗೆ ಮಾಡಿಯೂ, ಹೆಸರು ಕೆಡುತ್ತದೆಂದು ವೈದ್ಯರು ತೀರಾ ಅಪಾಯದ ರೋಗಿಗಳನ್ನು ಮುಟ್ಟಲು ಹಿಂಜರಿಯುತ್ತಾರೆಯೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ.

ಒಂದು ಕಡೆ ಫಲಿಸಿದ್ದು ಇನ್ನೊಂದು ಕಡೆ ಏಕೆ ಫಲಿಸುವುದಿಲ್ಲ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಒಂದು ತಪಾಸಣಾ ಪಟ್ಟಿ ತಂದಿತು. ಬೇರೆ ಬೇರೆ ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ 1.5%ರಿಂದ 0.8%ಕ್ಕೆ ಇಳಿದಿತ್ತು. ಉತ್ಸಾಹದಿಂದ ಎಲ್ಲೆಡೆ ಹರಡಿದರು. ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳ ಅಧ್ಯಯನ 2014ರಲ್ಲಿ ಬಂದಾಗ, ಸಾವು 0.71%ರಿಂದ 0.65%ಕ್ಕೆ ಬಂದಿತ್ತು, ಆಕಸ್ಮಿಕ ಅಲ್ಲ ಎನ್ನುವಷ್ಟು ದೊಡ್ಡ ವ್ಯತ್ಯಾಸವಲ್ಲ ಅದು. ಪಟ್ಟಿಯನ್ನು ಬಳಸುತ್ತಿದ್ದೇವೆ ಎಂದು ಬಹುತೇಕ ಆಸ್ಪತ್ರೆಗಳು 90%ಕ್ಕೂ ಮೀರಿದ ಅಂಕಿ ಕೊಟ್ಟಿದ್ದವು. ಹಾಗಾದರೆ ಪಟ್ಟಿ ಕೆಲಸಕ್ಕೆ ಬಾರದ್ದೇ? ಅಷ್ಟು ಬೇಗ ತೀರ್ಪು ಕೊಡಬಾರದು. ಮೊದಲಿನಿಂದಲೇ ಸಾವು ಕಡಿಮೆಯಿದ್ದ ಕಡೆ ಇಳಿಯಲು ಉಳಿದದ್ದು ಕಡಿಮೆ, ನೋಡಿದ ಅವಧಿಯೂ ಮೂರು ತಿಂಗಳಷ್ಟೇ. ಅದಕ್ಕಿಂತ ದೊಡ್ಡ ಮಾತು, ಪಟ್ಟಿಗೆ ಟಿಕ್ ಹಾಕಿದ್ದೇ ಪಟ್ಟಿಯನ್ನು ಬಳಸಿದಂತಾಗದು. ಚಾಕು ಹಿಡಿಯುವ ಮೊದಲು ಎಲ್ಲರೂ ಒಂದು ಕ್ಷಣ ಕೈ ನಿಲ್ಲಿಸಿ, ರೋಗಿಯ ಹೆಸರು ಹೇಳಿ, ದಾದಿಯೂ ‘ತಡೆಯಿರಿ ಡಾಕ್ಟ್ರೇ, ಆ್ಯಂಟಿಬಯೋಟಿಕ್ ಇನ್ನೂ ಕೊಟ್ಟಿಲ್ಲ’ ಎನ್ನುವಂಥ ವಾತಾವರಣ ಇದ್ದಲ್ಲಿ ಅದು ಜೀವ ಉಳಿಸುತ್ತದೆ. ಟಿಕ್‌ಗಳನ್ನು ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಒಟ್ಟಿಗೆ ಹಾಕುವಲ್ಲಿ ಅದು ಇನ್ನೊಂದು ಕಾಗದ. ಆದ್ದರಿಂದ ಫಲ ಸಿಗಲಿಲ್ಲವೆಂದಾಗ, ಸೇವೆಯ ಕಲ್ಪನೆಯೇ ತಪ್ಪೋ ಅಥವಾ ಸೇವೆ ನಿಜವಾಗಿ ನಡೆದೇ ಇಲ್ಲವೋ ಎಂದು ಬಿಡಿಸಿ ನೋಡುವುದು ಮೌಲ್ಯಮಾಪಕರ ಹೊಣೆ. ಅದು ಕಚೇರಿಯಲ್ಲಿ ಕೂತು ಆಗುವ ಕೆಲಸವಲ್ಲ, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಿಂತು ನೋಡಬೇಕು.

ಸರಾಸರಿಗಳ ಬಗ್ಗೆಯೂ ಒಂದು ಮಾತು. ಒಟ್ಟು ಲಸಿಕೆ ಪ್ರಮಾಣ ಏರಿದೆ ಎಂದರೆ ಎಲ್ಲರಿಗೂ ಸಿಕ್ಕಿದೆ ಎಂದಲ್ಲ. ಬಡವರು, ಅಂಗವಿಕಲರು, ಬೇರೆ ಭಾಷೆಯವರು, ದೂರದಲ್ಲಿರುವವರು ಎಂದು ಬಿಡಿಸಿ ನೋಡಿದಾಗ, ಮೊದಲೇ ಅನುಕೂಲದಲ್ಲಿದ್ದವರಿಗೇ ಹೊಸ ಸೇವೆಯ ಬಹುಪಾಲು ಹೋಗಿರುವುದು ಅನೇಕ ಸಲ ಕಾಣುತ್ತದೆ.

ಹೊಸ ಸೇವೆ ಶುರುಮಾಡುವವರು ಮೊದಲ ದಿನಕ್ಕಿಂತ ಮುಂಚೆ ಮಾಡಬೇಕಾದ ಎರಡು ಕೆಲಸಗಳನ್ನು ಮುಂದೂಡಬಾರದು ಎನ್ನುತ್ತೇನೆ. ಈಗಿನ ಸ್ಥಿತಿಯನ್ನು ಅಳೆದಿಡುವುದು ಒಂದು. ಆರು ತಿಂಗಳಾದ ಮೇಲೆ ‘ಮೊದಲು ಹೇಗಿತ್ತು’ ಎಂದು ನೆನಪಿನಿಂದ ಬರೆದದ್ದನ್ನು ನಂಬುವಂತಿಲ್ಲ. ಎರಡನೆಯದು, ಎಂಥ ಫಲಿತಾಂಶ ಬಂದರೆ ಈ ಸೇವೆಯನ್ನು ಬದಲಿಸುತ್ತೇವೆ, ಎಂಥದ್ದು ಬಂದರೆ ನಿಲ್ಲಿಸುತ್ತೇವೆ ಎಂದು ಸಹಿ ಹಾಕಿ ಬರೆದಿಡುವುದು. ಅಂಕಿ ಬಂದ ಮೇಲೆ ಎಲ್ಲರಿಗೂ ಅದರಲ್ಲಿ ಯಶಸ್ಸೇ ಕಾಣುತ್ತದೆ. ಮತ್ತು ರಾತ್ರಿ ಪಾಳಿಯಲ್ಲಿ ರಿಜಿಸ್ಟರು ತುಂಬುವವರಿಗೆ ಅದರ ನಕ್ಷೆಯನ್ನು ತಿಂಗಳು ತಿಂಗಳೂ ತೋರಿಸಬೇಕು, ಅವರ ಕೋಣೆಯ ಗೋಡೆಗೇ ಅಂಟಿಸಬೇಕು. ತಾವು ಬರೆದದ್ದರಿಂದ ಬೆಳಗಿನ ಜಾವದ ಸುತ್ತು ಶುರುವಾಯಿತು, ಬೀಳುವುದು ಕಡಿಮೆಯಾಯಿತು ಎಂದು ಕಂಡವರು ಮುಂದಿನ ಪುಟವನ್ನು ಸರಿಯಾಗಿ ಬರೆಯುತ್ತಾರೆ.